ಮೊಲಗಳು ಕುಸಿದು ಬಿದ್ದಾಗ

ಬೆಳಿಗ್ಗೆ ಸರಾಗವಾಗಿ ಮಾತಾಡುವ ಹೆಂಗಸೊಬ್ಬಳು ಮಾತು ಬೆಳೆದಂತೆ ನಾಲಿಗೆ ಸೋತು ಮೂಕಳಾಗುವುದನ್ನು ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ 1672ರಲ್ಲೇ ಬರೆದಿಟ್ಟಿದ್ದ. ರೆಪ್ಪೆ ಜೋಲುವ, ಒಂದು ಎರಡಾಗಿ ಕಾಣುವ, ನುಂಗಲೂ ಕಷ್ಟವಾಗುವ ಈ ಕಾಯಿಲೆಗೆ ಮಯಸ್ತೇನಿಯಾ ಗ್ರೇವಿಸ್ ಎಂಬ ಹೆಸರು ಬಂದದ್ದು ಹತ್ತೊಂಬತ್ತನೇ ಶತಮಾನದ ಕೊನೆಗೆ.

ಸುಳಿವು ಹಿಡಿದವರು ಮೇರಿ ವಾಕರ್, ಲಂಡನ್ನಿನ ಗ್ರಿನಿಚ್‌ನ ಸೇಂಟ್ ಆಲ್ಫೆಜ್ ಆಸ್ಪತ್ರೆಯ ವೈದ್ಯೆ. ದೊಡ್ಡ ಹೆಸರಿನ ಆಸ್ಪತ್ರೆಯಲ್ಲ ಅದು. ರೋಗಿಯ ಸ್ಥಿತಿ ಕ್ಯುರಾರೆ ಎಂಬ ಬಾಣದ ವಿಷ ಏರಿದಂತೆಯೇ ಇದೆಯಲ್ಲ, ಅದರ ಮದ್ದು ಇದಕ್ಕೂ ಆದೀತು ಎಂದು 1934ರಲ್ಲಿ ಫೈಸೋಸ್ಟಿಗ್ಮೈನ್ ಚುಚ್ಚಿದರು. ಜೋತ ರೆಪ್ಪೆ ಮೇಲೆದ್ದಿತು, ಕೆಲ ಗಂಟೆಗಳ ಮಟ್ಟಿಗೆ.

ಹಾಗಾದರೆ ತೊಂದರೆಯೂ ಕ್ಯುರಾರೆ ತಡೆಯೊಡ್ಡುವ ಜಾಗದಲ್ಲೇ, ನರವೂ ಸ್ನಾಯುವೂ ಸೇರುವೆಡೆಯಲ್ಲಿ. ಅಲ್ಲಿ ನರದ ತುದಿ ಅಸಿಟೈಲ್‌ಕೋಲಿನ್ ಸುರಿಸುತ್ತದೆ. ಸ್ನಾಯುವಿನ ಗ್ರಾಹಕಗಳು ಅದನ್ನು ಹಿಡಿದರೆ ಸ್ನಾಯು ಬಿಗಿಯುತ್ತದೆ. ಈ ಗ್ರಾಹಕಗಳ ಮೇಲೆ ದೇಹವೇ ಪ್ರತಿಕಾಯಗಳನ್ನು ಛೂಬಿಟ್ಟಿರಬೇಕೆಂದು 1960ರಲ್ಲಿ ಜಾನ್ ಸಿಂಪ್ಸನ್ ಊಹಿಸಿದರು. ತೋರಿಸುವ ದಾರಿ ಇರಲಿಲ್ಲ.

ದಾರಿ ತೋರಿದ್ದು ಹಾವು. ನಮ್ಮ ಕಟ್ಟುಹಾವಿನ ದಾಯಾದಿಯೊಂದರ ವಿಷದಿಂದ ತೈವಾನಿನ ಚಾಂಗ್ ಮತ್ತು ಲೀ 1963ರಲ್ಲಿ ಬೇರ್ಪಡಿಸಿದ ಬಂಗಾರೋಟಾಕ್ಸಿನ್ ಈ ಗ್ರಾಹಕಗಳನ್ನು ಕಚ್ಚಿ ಹಿಡಿದರೆ ಬಿಡುವುದಿಲ್ಲ. ಹಾವಿನ ವಿಷಗಳ ಈ ಗುಣದಿಂದ ಗ್ರಾಹಕಗಳನ್ನು ಎಣಿಸುವುದೂ ಸೋಸಿ ತೆಗೆಯುವುದೂ ಸಾಧ್ಯವಾಯಿತು. ಸಾಲ್ಕ್ ಸಂಸ್ಥೆಯ ಜಿಮ್ ಪ್ಯಾಟ್ರಿಕ್, ಜಾನ್ ಲಿಂಡ್‌ಸ್ಟ್ರಾಮ್ ವಿದ್ಯುತ್ ಈಲ್‌ನ ಗ್ರಾಹಕಗಳನ್ನು ಮೊಲಗಳಿಗೆ ಚುಚ್ಚಿದರು. ಅವರಿಗೆ ಬೇಕಿದ್ದದ್ದು ಪ್ರಯೋಗಕ್ಕೆ ಒದಗುವ ಪ್ರತಿಕಾಯ, ಅಷ್ಟೇ. ಮೊಲಗಳು ನಿತ್ರಾಣವಾಗಿ ಕುಸಿದವು. ಮಯಸ್ತೇನಿಯಾದ ಮದ್ದು ಕೊಟ್ಟರೆ ಚೇತರಿಸಿಕೊಂಡವು! 1973ರಲ್ಲಿ ಈ ವರದಿ ಬಂದ ವರ್ಷವೇ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಫ್ಯಾಂಬ್ರೊ, ಡ್ರಾಕ್‌ಮನ್, ಸತ್ಯಮೂರ್ತಿ ರೋಗಿಗಳ ಸ್ನಾಯುವಿನಲ್ಲಿ ಗ್ರಾಹಕಗಳನ್ನು ಎಣಿಸಿದರು. ಉಳಿದಿದ್ದವು ಮೂರನೇ ಒಂದಕ್ಕೂ ಕಡಿಮೆ. 1975ರಲ್ಲಿ ರೋಗಿಗಳ ಪ್ರತಿಕಾಯ ಇಲಿಗಳಿಗೆ ಹೋಯಿತು, ಜೊತೆಗೆ ರೋಗದ ಗುರುತುಗಳೂ ಹೋದವು. ಅಲ್ಲಿಗೆ ವಾದ ಮುಗಿದಂತೆಯೇ.

ಪ್ರತಿಕಾಯಕ್ಕೆ ಎರಡು ತೋಳು. ಅಕ್ಕಪಕ್ಕದ ಎರಡು ಗ್ರಾಹಕಗಳನ್ನು ಅದು ಜೋಡಿಸಿ ಹಿಡಿದರೆ ಜೀವಕೋಶ ಜೋಡಿಯನ್ನೇ ಒಳಗೆಳೆದು ಬೇಗ ಕರಗಿಸಿಬಿಡುತ್ತದೆ. ರಕ್ತದ ಕಾಂಪ್ಲಿಮೆಂಟ್ ಪ್ರೋಟೀನುಗಳೂ ಪ್ರತಿಕಾಯದ ಕರೆಗೆ ಓಗೊಟ್ಟು ಬಂದು ಸ್ನಾಯುಪೊರೆಯನ್ನೇ ಹಾಳುಗೆಡವುತ್ತವೆ. ಮತ್ತೆ ಮತ್ತೆ ಸಂಕೇತ ಬಂದಾಗ ನರ ಸುರಿಸುವ ಅಸಿಟೈಲ್‌ಕೋಲಿನ್ ಎಲ್ಲರಲ್ಲೂ ಕಡಿಮೆಯಾಗುತ್ತ ಹೋಗುತ್ತದೆ. ಆರೋಗ್ಯವಂತರಲ್ಲಿ ಗ್ರಾಹಕಗಳು ಧಾರಾಳ, ಹಾಗಾಗಿ ಗೊತ್ತಾಗುವುದಿಲ್ಲ. ರೋಗಿಗೆ ಆ ಸಿರಿವಂತಿಕೆ ಇಲ್ಲ. ದುಡಿದಷ್ಟೂ ಸ್ನಾಯು ಸೋಲುತ್ತದೆ.

ಗ್ರಾಹಕದ ಪ್ರತಿಕಾಯ ಸಿಗದ ಕೆಲವರಲ್ಲಿ ಮಸ್ಕ್ ಎಂಬ ಬೇರೆ ಪ್ರೋಟೀನು ಗುರಿಯೆಂದು 2001ರಲ್ಲಿ ತಿಳಿಯಿತು. ಗ್ರಾಹಕಗಳನ್ನು ಒಂದೆಡೆ ಕೂಡಿಹಾಕುವುದು ಅದರ ಕೆಲಸ. ಅದರ ಪ್ರತಿಕಾಯಗಳು ಬಹುಪಾಲು ಕಾಂಪ್ಲಿಮೆಂಟನ್ನು ಕರೆಯುವುದೇ ಇಲ್ಲ. ಹಾಗಾಗಿ ಕಾಂಪ್ಲಿಮೆಂಟನ್ನು ತಡೆಯುವ ಎಕ್ಯುಲಿಜುಮ್ಯಾಬ್‌ನಂಥ ದುಬಾರಿ ಔಷಧ ಈ ರೋಗಿಗಳಿಗೆ ಹೊಂದುವುದಿಲ್ಲ.