ಅಕ್ಕಿ ಅಂಗಡಿಯ ಇಲಿ, ಮಿದುಳಿನ ಗೇಟು

ಮರಳಿ, ಗಂಗಾವತಿ ಕಡೆಯ ಅಕ್ಕಿ ಅಂಗಡಿಯವರಿಗೆ ಇಲಿಕಾಟ ಹೊಸದಲ್ಲ. ದೀಪ ಆರಿಸಿ ಬಾಗಿಲು ಹಾಕಿದ್ದೇ ತಡ, ಇಲಿ ಕತ್ತಲಲ್ಲೇ ನೆಟ್ಟಗೆ ಚೀಲಕ್ಕೆ ಬರುತ್ತದೆ. “ಇದಕ್ಕ ಹೆಂಗ ಗೊತ್ತಾಕ್ಕೈತಿ?” ಅಂತ ಬೈದು ಅಂಗಡಿಯವ ಸುಮ್ಮನಾಗುತ್ತಾನೆ. ಬೆಂಗಳೂರಿನ ವಿಜ್ಞಾನಿಯೊಬ್ಬರು ಸುಮ್ಮನಾಗಲಿಲ್ಲ.

ಅವರು ಬಳ್ಳಾರಿ ರಸ್ತೆಯ ಜಿಕೆವಿಕೆ ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಉಪಿಂದರ್ ಸಿಂಗ್ ಭಲ್ಲಾ. ಇಬ್ಬರು ಸಂಗಡಿಗರೊಡನೆ 2006ರಲ್ಲಿ ಅವರು ತೋರಿಸಿದ್ದು ಇಷ್ಟು: ಒಂದೆರಡು ಸಲ ಮೂಸಿದರೆ ಸಾಕು, ವಾಸನೆ ಎಡದಿಂದ ಬಂತೋ ಬಲದಿಂದ ಬಂತೋ ಇಲಿಗೆ ತಿಳಿಯುತ್ತದೆ. ಎರಡು ಹೊಳ್ಳೆಗಳನ್ನು ತಾಳೆ ನೋಡುತ್ತದೆ. ಒಂದು ಹೊಳ್ಳೆ ಮುಚ್ಚಿದರೆ ಲೆಕ್ಕ ತಪ್ಪುತ್ತದೆ.

ಆದರೆ ಭಲ್ಲಾ ಹೆಚ್ಚು ಕಾಲ ಕಳೆದದ್ದು ಇಲಿಯ ಜೊತೆಗಲ್ಲ, ನರಕೋಶವನ್ನು ಕಂಪ್ಯೂಟರಿನೊಳಗೆ ಕಟ್ಟುವುದರಲ್ಲಿ. ಅಮೆರಿಕದ ಕ್ಯಾಲ್ಟೆಕ್‌ನಲ್ಲಿ ಡಾಕ್ಟರೇಟಿಗೆ ಓದುವಾಗಲೇ ವಾಸನೆ ಹಿಡಿಯುವ ಕೋಶಗಳ ಮಾದರಿ ಮಾಡಿದ್ದರು.

ಕೋಶ ಅಂದರೇನು? ಕಾಲುವೆ ನೀರಿನವರಿಗೆ ಹೇಳುವುದು ಸುಲಭ. ಅದರ ಗೋಡೆ ತುಂಬ ಸಣ್ಣ ಗೇಟುಗಳು. ಒಳಗೂ ಹೊರಗೂ ಸುಮಾರು 70 ಮಿಲಿವೋಲ್ಟ್ ವ್ಯತ್ಯಾಸ. ಟಾರ್ಚಿನ ಸೆಲ್ಲಿನದು 1,500. ಗೇಟು ತೆರೆದರೆ ಉಪ್ಪಿನಲ್ಲಿರುವ ಸೋಡಿಯಂ ಒಳನುಗ್ಗುತ್ತದೆ. ಈ ಏರಿಳಿತಕ್ಕೆ ಲೆಕ್ಕ ಕಟ್ಟಿದವರು ಇಂಗ್ಲೆಂಡಿನ ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ, 1952ರಲ್ಲಿ. ಸಿಕ್ಕಿದ್ದು ಕೈಯಲ್ಲಿ ಹಿಡಿಕೆ ತಿರುಗಿಸುವ ಯಂತ್ರ. ಅದರಲ್ಲೇ ಲೆಕ್ಕ ಮುಗಿಸಿದರು. 1963ರಲ್ಲಿ ನೊಬೆಲ್ ಬಂತು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ, ಒತ್ತಡ ಇಳಿಸಲು ಉಳಿದವನ್ನು ಮನುಷ್ಯರೇ ಎತ್ತಬೇಕಾಯಿತು. ಕೋಶದಲ್ಲಿ ಎತ್ತುವವರೇ ಇಲ್ಲ. ಒಂದು ಗೇಟು ತೆರೆದ ರಭಸಕ್ಕೆ ಪಕ್ಕದ್ದೂ ತೆರೆಯುತ್ತದೆ. ಮತ್ತೆ ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಬಂದ್!

ಇಂಥ ಕೋಶಗಳು ಮನುಷ್ಯನ ತಲೆಯಲ್ಲಿ ಸುಮಾರು 8,600 ಕೋಟಿ. ಒಂದನ್ನು ತಿಳಿದರೆ ಎಲ್ಲ ತಿಳಿದಂತಲ್ಲ. ಭತ್ತದ ದರ ಯಾವನೊಬ್ಬ ವ್ಯಾಪಾರಿಯ ಕೈಯಲ್ಲೂ ಇಲ್ಲ, ಆದರೂ ಪೇಟೆಯಲ್ಲಿ ದರ ನಿಲ್ಲುತ್ತದಲ್ಲ, ಹಾಗೆ. 1999ರಲ್ಲಿ ಭಲ್ಲಾ ಮತ್ತು ರವಿ ಅಯ್ಯಂಗಾರ್ ಕೋಶದೊಳಗಿನ ರಾಸಾಯನಿಕ ಸರಪಳಿಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ ನೋಡಿದರು. ಬಿಡಿಯಾಗಿದ್ದಾಗ ಇಲ್ಲದ ಗುಣ ಕೂಡಿದಾಗ ಕಂಡಿತು: ಪ್ರಚೋದನೆ ನಿಂತ ಮೇಲೂ ಕೆಲಸ ನಿಲ್ಲಲಿಲ್ಲ. ನೆನಪಿನ ಬೇರು ಇಂಥಲ್ಲೇ ಇರಬಹುದು. ಮುಂದೆ 2007ರಲ್ಲಿ ಭಟ್ನಾಗರ್, 2017ರಲ್ಲಿ ಇನ್ಫೋಸಿಸ್ ಪ್ರಶಸ್ತಿ ಬಂದವು.

ಇದರಿಂದ ನಮ್ಮ ಊರಿಗೇನು ಅನ್ನುವವರು ಬಸ್ ಸ್ಟ್ಯಾಂಡ್ ನೋಡಲಿ. ಯಾರಿಗಾದರೂ ಫಿಟ್ಸ್ ಬಂದರೆ ಕೈಗೆ ಬೀಗದಕೈ ತುರುಕುವವರು ಈಗಲೂ ಇದ್ದಾರೆ. ಫಿಟ್ಸ್ ಅಂದರೆ ಲೆಕ್ಕವಿಲ್ಲದಷ್ಟು ಕೋಶಗಳು ಒಮ್ಮೆಲೇ ಒಂದೇ ತಾಳಕ್ಕೆ ಬೀಳುವುದು. ಕಬ್ಬಿಣ ಅಲ್ಲಿಗೆ ಮುಟ್ಟುವುದಿಲ್ಲ. ಡಾಕ್ಟರು ಬರೆಯುವ ಫಿನಿಟಾಯಿನ್, ಕಾರ್ಬಮಜೆಪೀನ್ ಮಾತ್ರೆಗಳು ಹಿಡಿಯುವುದು ಅದೇ ಸೋಡಿಯಂ ಗೇಟುಗಳನ್ನು. ಬಿದ್ದವರನ್ನು ಮಗ್ಗುಲಿಗೆ ಹೊರಳಿಸಿ ಮಲಗಿಸಬೇಕು, ಬಾಯಿಗೆ ಏನೂ ಹಾಕಬಾರದು. ಐದು ನಿಮಿಷ ದಾಟಿದರೆ ಬಸ್ಸಿಗೆ ಕಾಯದೆ 108ಕ್ಕೆ ಫೋನ್ ಹಚ್ಚಬೇಕು.