ಎರಡನೆಯ ಗುರುತು

1990ರ ಜನಗಣತಿಯ ಫಾರಂ ಅಮೆರಿಕದ ಮನೆಮನೆಗೆ ಬಂದಾಗ ಜಾರ್ಜಿಯಾ ರಾಜ್ಯದ ಸೂಸನ್ ಗ್ರಹಾಂ ಅದನ್ನು ತುಂಬಲು ಕೂತರು. ಹೆಸರು, ವಯಸ್ಸು ಎಲ್ಲ ಸಲೀಸಾಗಿ ಮುಗಿಯಿತು. ಜನಾಂಗದ ಪ್ರಶ್ನೆ ಬಂದಾಗ ಕೈ ತಡೆಯಿತು. ಸೂಸನ್ ಬಿಳಿಯರು, ಗಂಡ ಕಪ್ಪು ಜನಾಂಗದವರು. ಮಕ್ಕಳಿಗಾಗಿ ಒಂದರ ಕೆಳಗೊಂದು ವೃತ್ತಗಳಿದ್ದವು. ಆದರೆ ತುಂಬಬೇಕಾದದ್ದು ಒಂದೇ ವೃತ್ತ. ‘ಒಂದು’ ಎಂಬ ಪದವನ್ನು ಫಾರಂನಲ್ಲಿ ಎದ್ದು ಕಾಣುವಂತೆ ಅಚ್ಚು ಹಾಕಿದ್ದರು. ಅಪ್ಪನದೋ, ಅಮ್ಮನದೋ?

ಸೂಸನ್ ಜನಗಣತಿ ಕಚೇರಿಗೇ ಫೋನ್ ಮಾಡಿದರು. ತಾಯಿಯ ಜನಾಂಗವನ್ನೇ ಮಕ್ಕಳಿಗೂ ಬರೆಯಿರಿ ಎಂಬ ಉತ್ತರ ಬಂತು. ಯಾಕೆ ಎಂದು ಕೇಳಿದರೆ, ಇಂಥ ಸಂದರ್ಭದಲ್ಲಿ ತಾಯಿ ಯಾರೆಂಬುದು ಖಚಿತವಾಗಿರುತ್ತದೆ, ತಂದೆಯ ವಿಷಯ ಹಾಗಲ್ಲ ಎಂಬರ್ಥದ ಮಾತು ಆ ಕಡೆಯಿಂದ ಕೇಳಿಸಿತು. ಪಕ್ಕದಲ್ಲೇ ಗಂಡನಿದ್ದ ಹೆಂಗಸಿಗೆ ಹೇಳಿದ ಮಾತು ಅದು. ಇತ್ತ ಮಗನ ಶಾಲೆಯಲ್ಲಿ ಇನ್ನೊಂದು ಲೆಕ್ಕ ನಡೆದಿತ್ತು. ಟೀಚರ್ ಹುಡುಗನ ಮುಖ ನೋಡಿ ತಾವೇ ‘ಕಪ್ಪು’ ಎಂದು ಬರೆದುಕೊಂಡಿದ್ದರು. ಒಬ್ಬನೇ ಹುಡುಗ ಗಣತಿಯಲ್ಲಿ ಬಿಳಿಯ, ಶಾಲೆಯಲ್ಲಿ ಕರಿಯ, ಮನೆಯಲ್ಲಿ ಎರಡೂ ಆಗಿದ್ದ.

ಈ ಗೋಜಲಿಗೆ ನೂರು ವರ್ಷದ ಬೇರಿತ್ತು. 1890ರ ಗಣತಿದಾರರಿಗೆ ರಕ್ತವನ್ನು ಭಿನ್ನರಾಶಿಯಲ್ಲಿ ಅಳೆಯುವ ಕೆಲಸ ಹಚ್ಚಿದ್ದರು. ಕಪ್ಪು ರಕ್ತ ನಾಲ್ಕನೆಯ ಒಂದು ಪಾಲಿದ್ದರೆ ಒಂದು ಹೆಸರು, ಎಂಟನೆಯ ಒಂದು ಪಾಲಿದ್ದರೆ ಇನ್ನೊಂದು ಹೆಸರು. ಬಾಗಿಲಲ್ಲಿ ನಿಂತ ಗಣತಿದಾರನಿಗೆ ಕಣ್ಣಳತೆ ಬಿಟ್ಟರೆ ಬೇರೆ ಸಾಧನವಿರಲಿಲ್ಲ. 1930ರ ಹೊತ್ತಿಗೆ ಆ ಭಿನ್ನರಾಶಿಗಳೂ ಹೋದವು. ಬಿಳಿ ಮತ್ತು ಕಪ್ಪು ಬೆರೆತವರಲ್ಲಿ ಕಪ್ಪು ರಕ್ತ ಎಷ್ಟೇ ಕಡಿಮೆಯಿರಲಿ, ಅವರನ್ನು ನೀಗ್ರೋ ಎಂದೇ ಬರೆಯಬೇಕೆಂಬ ಆದೇಶ ಬಂತು. ಅದೇ ಫಾರಂನಲ್ಲಿ ಭಾರತದಿಂದ ಹೋದವರಿಗೆಂದು ಇಟ್ಟಿದ್ದ ಜನಾಂಗದ ಹೆಸರು ‘ಹಿಂದೂ’. ಪಂಜಾಬಿನಿಂದ ಹೋಗಿ ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ದುಡಿಯುತ್ತಿದ್ದ ಸಿಖ್ಖರೂ ಮುಸ್ಲಿಮರೂ ಅದೇ ಹೆಸರಿನಡಿ ಸೇರಿದರು. ಅವರಲ್ಲಿ ಎಷ್ಟೋ ಮಂದಿ ಮೆಕ್ಸಿಕನ್ ಹೆಂಗಸರನ್ನು ಮದುವೆಯಾಗಿದ್ದರು. ಆ ಮಕ್ಕಳಿಗೂ ಫಾರಂನಲ್ಲಿ ಎರಡು ಜಾಗವಿರಲಿಲ್ಲ.

1960ರಿಂದೀಚೆಗೆ ಲೇಖನಿ ಗಣತಿದಾರನ ಕೈಯಿಂದ ಮನೆಯವರ ಕೈಗೆ ಬರತೊಡಗಿತು. ಜನ ತಮ್ಮ ಜನಾಂಗವನ್ನು ತಾವೇ ಬರೆಯುವಂತಾದರು. 1967ರ ಜೂನ್ 12ರಂದು ಲವಿಂಗ್ ದಂಪತಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಅಂತರ್ಜನಾಂಗೀಯ ಮದುವೆಯ ಮೇಲಿದ್ದ ನಿಷೇಧವನ್ನು ದೇಶಾದ್ಯಂತ ತೆಗೆದುಹಾಕಿತು. ಅಂಥ ಕುಟುಂಬಗಳಲ್ಲಿ 1970ರಲ್ಲಿ ಐದು ಲಕ್ಷಕ್ಕೂ ಕಡಿಮೆ ಮಕ್ಕಳಿದ್ದರು. 1990ಕ್ಕೆ ಆ ಸಂಖ್ಯೆ ಸುಮಾರು ಇಪ್ಪತ್ತು ಲಕ್ಷಕ್ಕೇರಿತು. ಆದರೆ ನಡುವೆ, 1977ರಲ್ಲಿ, ಸರ್ಕಾರದ ಎಲ್ಲ ಇಲಾಖೆಗಳಿಗೂ ಅನ್ವಯಿಸುವ ಹದಿನೈದನೆಯ ನಿರ್ದೇಶನ ಹೊರಟಿತ್ತು. ಮಿಶ್ರ ಮೂಲದವರನ್ನು ಅವರ ಸಮುದಾಯ ಹೇಗೆ ಗುರುತಿಸುತ್ತದೋ ಅದಕ್ಕೆ ಅತಿ ಹತ್ತಿರವಾದ ಒಂದೇ ವರ್ಗಕ್ಕೆ ಸೇರಿಸಬೇಕು ಎಂದು ಅದು ಹೇಳಿತ್ತು. ಮನೆಗಳು ಬದಲಾದವು, ಫಾರಂ ಬದಲಾಗಲಿಲ್ಲ.

ಸೂಸನ್ 1991ರಲ್ಲಿ ಒಂದು ಸಂಘಟನೆ ಕಟ್ಟಿದರು. ‘ಬಹುಜನಾಂಗೀಯ’ ಎಂಬ ಹೊಸ ವರ್ಗ ಬೇಕು ಎಂಬುದೇ ಬೇಡಿಕೆ. ಓಹಾಯೋ ರಾಜ್ಯ 1992ರಲ್ಲಿ ಶಾಲೆಯ ಫಾರಂಗಳಲ್ಲಿ ಅದನ್ನು ಒಪ್ಪಿಕೊಂಡಿತು, 1994ರಲ್ಲಿ ಜಾರ್ಜಿಯಾ ಕೂಡ. 1993ರ ಜೂನ್‌ನಲ್ಲಿ ಥಾಮಸ್ ಸಾಯರ್ ಅಧ್ಯಕ್ಷತೆಯ ಸಂಸತ್ ಉಪಸಮಿತಿಯ ಮುಂದೆ ಸೂಸನ್ ತಮ್ಮ ಮನೆಯ ಕತೆಯನ್ನೇ ಸಾಕ್ಷ್ಯವಾಗಿ ಹೇಳಿದರು. ಗೆಲುವು ಹತ್ತಿರ ಬಂದಂತೆ ಕಾಣಿಸಿತು.

ತಡೆ ಬಂದದ್ದು ಯಾರೂ ಹಗುರವಾಗಿ ತಳ್ಳಿಹಾಕಲಾಗದ ಕಡೆಯಿಂದ. ಕಪ್ಪು ಜನರ ಹಕ್ಕುಗಳಿಗಾಗಿ ದಶಕಗಳಿಂದ ಹೋರಾಡಿದ್ದ ಎನ್‌ಎಎಸಿಪಿ ಹೊಸ ವರ್ಗವನ್ನು ವಿರೋಧಿಸಿತು. ಮತದಾನದ ಹಕ್ಕು, ಉದ್ಯೋಗ, ಬಾಡಿಗೆ ಮನೆ, ಎಲ್ಲೆಲ್ಲಿ ತಾರತಮ್ಯ ನಡೆದಿದೆ ಎಂದು ನ್ಯಾಯಾಲಯದಲ್ಲಿ ಸಾಬೀತು ಮಾಡಲು ಇದ್ದ ಆಯುಧ ಜನಗಣತಿಯ ಅಂಕಿಗಳೇ. ಕಪ್ಪು ಜನರ ಸಾಲಿನಿಂದ ಲಕ್ಷಾಂತರ ಮಂದಿ ‘ಬಹುಜನಾಂಗೀಯ’ದ ಸಾಲಿಗೆ ಸರಿದರೆ ಆ ಆಯುಧವೇ ಮೊಂಡಾಗುತ್ತಿತ್ತು. ಮನೆ ಬಾಡಿಗೆಗೆ ಕೊಡದೆ ಬಾಗಿಲು ಹಾಕುವವನು ಎದುರಿಗಿದ್ದವನ ತಾಯಿ ಯಾರೆಂದು ವಿಚಾರಿಸುವುದಿಲ್ಲ. ಒಂದು ಕಡೆ ಮಗುವಿನ ನಿಜ, ಇನ್ನೊಂದು ಕಡೆ ಸಮುದಾಯದ ರಕ್ಷಣೆ. ಎರಡೂ ನ್ಯಾಯವೇ ಆಗಿದ್ದದ್ದೇ ಈ ಜಗಳದ ಸಂಕಟ.

ಗಂಟು ಬಿಡಿಸುವ ಕೆಲಸ ಮುಖ್ಯ ಸಂಖ್ಯಾಶಾಸ್ತ್ರಜ್ಞೆ ಕ್ಯಾಥರೀನ್ ವಾಲ್‌ಮನ್ ಅವರ ಪಾಲಿಗೆ ಬಂತು. 1994ರಲ್ಲಿ ಮೂವತ್ತು ಇಲಾಖೆಗಳ ಸಮಿತಿ ಕೂಡಿತು. ಬಾಸ್ಟನ್, ಡೆನ್ವರ್, ಸ್ಯಾನ್ ಫ್ರಾನ್ಸಿಸ್ಕೊ, ಹೊನೊಲುಲುಗಳಲ್ಲಿ ಜನರ ಅಹವಾಲು ಕೇಳಲಾಯಿತು. ಅಳಲು, ಆತಂಕ, ಸಿಟ್ಟು ಎಲ್ಲ ಕೇಳಿಬಂದವು. ಊಹೆಯಿಂದ ತೀರ್ಮಾನ ಬೇಡ, ಪ್ರಯೋಗ ಮಾಡಿ ನೋಡೋಣ ಎಂದು ಸಮಿತಿ ಹೊರಟಿತು.

1995ರ ಮೇ ತಿಂಗಳಲ್ಲಿ ಸುಮಾರು 60,000 ಮನೆಗಳಲ್ಲಿ ‘ಬಹುಜನಾಂಗೀಯ’ ಎಂಬ ಉತ್ತರವನ್ನು ಇಟ್ಟು ನೋಡಿದರು. ಅದನ್ನು ಆರಿಸಿದವರು ನೂರಕ್ಕೆ ಇಬ್ಬರಿಗಿಂತಲೂ ಕಡಿಮೆ. ಆದರೆ ವಿವರ ಕೇಳಿದಾಗ ಹೊಸ ತೊಡಕು ತಲೆಯೆತ್ತಿತು. ಆ ಪದವನ್ನು ಆರಿಸಿದವರಲ್ಲಿ ಕೆಲವರ ಮೂಲಗಳೆಲ್ಲ ಒಂದೇ ಜನಾಂಗದೊಳಗಿನವು. ಯೂರೋಪಿನ ಎರಡು ದೇಶಗಳ ಅಜ್ಜ ಅಜ್ಜಿಯರಿದ್ದರೂ ಅವರಿಗೆ ಅದು ಮಿಶ್ರಣವೇ. ಸೂಸನ್ ಕೇಳಿದ್ದ ಪದ ಒಬ್ಬೊಬ್ಬರಿಗೆ ಒಂದೊಂದು ಅರ್ಥ ಕೊಟ್ಟಿತು. ಅದರಿಂದ ಯಾವ ಮೂಲ ಯಾವುದರ ಜೊತೆ ಬೆರೆತಿದೆ ಎಂಬುದೂ ಗೊತ್ತಾಗುತ್ತಿರಲಿಲ್ಲ.

ದಾರಿಯ ಸುಳಿವು ಇದ್ದದ್ದು 1990ರ ಹಳೆಯ ಫಾರಂಗಳಲ್ಲೇ. ಒಂದೇ ವೃತ್ತ ತುಂಬಿ ಎಂದು ಅಷ್ಟು ಒತ್ತಿ ಹೇಳಿದ್ದರೂ ಇನ್ನೂರರಲ್ಲಿ ಒಬ್ಬರಂತೆ ಜನ ಎರಡನೆಯ ಗುರುತು ಹಾಕಿಬಿಟ್ಟಿದ್ದರು. ಕೋಷ್ಟಕಕ್ಕೆ ಹೋಗುವಾಗ ಅವುಗಳಲ್ಲಿ ಒಂದು ಮಾತ್ರ ಉಳಿದಿತ್ತು. ತಪ್ಪೆಂದು ತಿದ್ದಿದ್ದ ಆ ಗುರುತುಗಳು ವಾಸ್ತವದಲ್ಲಿ ಉತ್ತರಗಳಾಗಿದ್ದವು. ಕಾನೂನು, ಚಳವಳಿ ಯಾವುದನ್ನೂ ಕಾಯದೆ, ಲಕ್ಷಾಂತರ ಜನ ತಮ್ಮ ಪಾಡಿಗೆ ತಾವು ಪರಿಹಾರವನ್ನು ಬರೆದು ಅಂಚೆಗೆ ಹಾಕಿದ್ದರು.

1996ರ ಪ್ರಯೋಗದಲ್ಲಿ ಆ ದಾರಿಯನ್ನೂ ಪರೀಕ್ಷಿಸಿದರು. ಕೆಲವು ಮನೆಗಳಿಗೆ ‘ಬಹುಜನಾಂಗೀಯ’ ವರ್ಗವಿದ್ದ ಫಾರಂ ಹೋಯಿತು. ಕೆಲವಕ್ಕೆ ‘ಒಂದು ಅಥವಾ ಹೆಚ್ಚು ಗುರುತು ಹಾಕಿ’ ಎಂದಿತ್ತು, ಇನ್ನು ಕೆಲವಕ್ಕೆ ‘ಅನ್ವಯಿಸುವ ಎಲ್ಲಕ್ಕೂ ಗುರುತು ಹಾಕಿ’ ಎಂದು. ಕಪ್ಪು ಜನರ ಲೆಕ್ಕ ಕುಸಿಯಬಹುದೆಂಬ ಭಯ ನಿಜವಾಗಲಿಲ್ಲ. ಏಷ್ಯನ್ನರು ಮತ್ತು ಅಲಾಸ್ಕದ ಮೂಲನಿವಾಸಿಗಳ ಲೆಕ್ಕದಲ್ಲಿ ಮಾತ್ರ ಏರುಪೇರು ಕಾಣಿಸಿತು.

ಅಷ್ಟರಲ್ಲಿ 1997ರ ಏಪ್ರಿಲ್ ಬಂತು. ಇಪ್ಪತ್ತೊಂದು ವರ್ಷದ ಟೈಗರ್ ವುಡ್ಸ್ ಮಾಸ್ಟರ್ಸ್ ಗಾಲ್ಫ್ ಗೆದ್ದ. ಮೊದಲ ಕಪ್ಪು ಚಾಂಪಿಯನ್ ಎಂದು ದೇಶ ಕೊಂಡಾಡಿತು. ಆದರೆ ಆತನ ತಾಯಿ ಥಾಯ್ಲೆಂಡಿನವರು. ಓಪ್ರಾ ವಿನ್‌ಫ್ರೇ ಕಾರ್ಯಕ್ರಮದಲ್ಲಿ ಆತ ತನ್ನೆಲ್ಲ ಮೂಲಗಳನ್ನು ಪೋಣಿಸಿ ಚಿಕ್ಕಂದಿನಲ್ಲಿ ತಾನೇ ಕಟ್ಟಿಕೊಂಡಿದ್ದ ‘ಕ್ಯಾಬ್ಲಿನೇಷಿಯನ್’ ಎಂಬ ಹೆಸರನ್ನು ಹೇಳಿದ. ಶಾಲೆಯ ಫಾರಂಗಳಲ್ಲಿ ಆಫ್ರಿಕನ್ ಅಮೆರಿಕನ್, ಏಷ್ಯನ್ ಎರಡಕ್ಕೂ ಗುರುತು ಹಾಕುತ್ತಿದ್ದೆ ಎಂದೂ ಹೇಳಿದ. ಸಮಿತಿ ಹುಡುಕುತ್ತಿದ್ದದ್ದನ್ನು ಒಬ್ಬ ಶಾಲಾ ಹುಡುಗ ಬಹಳ ಹಿಂದೆಯೇ ಮಾಡಿ ಮುಗಿಸಿದ್ದ.

ಅಕ್ಟೋಬರ್ 30ರಂದು ತೀರ್ಮಾನ ಹೊರಬಿತ್ತು. ‘ಬಹುಜನಾಂಗೀಯ’ ಎಂಬ ವರ್ಗ ಇಲ್ಲ. ಅದರ ಬದಲು, ಒಂದು ಅಥವಾ ಹೆಚ್ಚು ಜನಾಂಗಗಳಿಗೆ ಗುರುತು ಹಾಕಬಹುದು. ಸೂಸನ್‌ಗೆ ಇದು ಗೆಲುವಾಗಿ ಕಾಣಲಿಲ್ಲ. ಮಕ್ಕಳಿಗೆ ಒಂದು ಹೆಸರು ಬೇಕೆಂದು ಹೊರಟ ತಾಯಿಗೆ ಸಿಕ್ಕದ್ದು ಎರಡು ಗುರುತು. ಆ ಬೇಸರವನ್ನು ಅವರು ಮುಚ್ಚಿಡಲಿಲ್ಲ. ಆದರೂ ಅವರ ಹಟವಿಲ್ಲದೆ ಫಾರಂನಲ್ಲಿದ್ದ ಆ ‘ಒಂದು’ ಎಂಬ ಪದ ಇಷ್ಟು ಬೇಗ ಕದಲುತ್ತಿರಲಿಲ್ಲ.

ಉಳಿದದ್ದು ಎಣಿಕೆ. 2000ದ ಗಣತಿಯ ಆರು ಜನಾಂಗ ವರ್ಗಗಳಲ್ಲಿ ಎಷ್ಟಕ್ಕಾದರೂ ಗುರುತು ಹಾಕಬಹುದೆಂದರೆ ಒಟ್ಟು 63 ಬಗೆಯ ಉತ್ತರಗಳು ಸಾಧ್ಯ. ಹಕ್ಕುಗಳ ರಕ್ಷಣೆಯ ಲೆಕ್ಕಕ್ಕೆ 2000ದ ಮಾರ್ಚ್‌ನಲ್ಲಿ ನಿಯಮ ಬಂತು. ಬಿಳಿಯ ಜೊತೆ ಅಲ್ಪಸಂಖ್ಯಾತ ಜನಾಂಗವೊಂದನ್ನು ಗುರುತಿಸಿದವರನ್ನು ಆ ಅಲ್ಪಸಂಖ್ಯಾತರ ಸಾಲಿಗೇ ಸೇರಿಸಬೇಕು. ಎನ್‌ಎಎಸಿಪಿಯ ಆತಂಕಕ್ಕೆ ಇದು ನೇರ ಉತ್ತರ. ಗುರುತುಗಳು ಒಂದರೊಳಗೊಂದು ಕರಗಿ ಹೋಗದೆ ಬೇರೆಬೇರೆಯಾಗಿ ಉಳಿದದ್ದರಿಂದಲೇ ಇದು ಸಾಧ್ಯವಾಯಿತು. ಒಂದೇ ಹೆಸರಿನ ವರ್ಗದಲ್ಲಿ ಬೆರೆತುಹೋದದ್ದನ್ನು ಮತ್ತೆ ಬಿಡಿಸಲಾಗುತ್ತಿರಲಿಲ್ಲ.

2001ರಲ್ಲಿ ಆ ಗಣತಿಯ ಫಲಿತಾಂಶ ಬಂತು. 68 ಲಕ್ಷ ಜನ, ಅಂದರೆ ಜನಸಂಖ್ಯೆಯ ಶೇಕಡಾ 2.4ರಷ್ಟು ಮಂದಿ, ಒಂದಕ್ಕಿಂತ ಹೆಚ್ಚು ಗುರುತು ಹಾಕಿದ್ದರು. ಅವರಲ್ಲಿ ಶೇಕಡಾ 93ರಷ್ಟು ಜನರದ್ದು ಎರಡೇ ಗುರುತು. ಆರೂ ವರ್ಗಗಳಿಗೆ ಗುರುತು ಹಾಕಿದ್ದವರು 823 ಮಂದಿ.