ಎರಡು ಮಿಲಿಮೀಟರ್‌ನ ಲೆಕ್ಕ

ಹಳೆಯ ಕಾರಿಗೆ ಡಿಸ್ಕ್ ಬ್ರೇಕ್ ಹಾಕಿಸುವವರು ಕೇಳುವ ಮೊದಲ ಪ್ರಶ್ನೆ, ‘ಬ್ರೇಕ್ ಚೆನ್ನಾಗಿ ಹಿಡಿಯುತ್ತಾ?’ ಎರಡನೆಯ ಪ್ರಶ್ನೆಯನ್ನು ಕೇಳುವವರು ಕಡಿಮೆ: ‘ಬಿಚ್ಚಿದ ಚಕ್ರ ಮತ್ತೆ ಸರಿಯಾಗಿ ಕೂರುತ್ತಾ?’

ಅಪ್ಪ ಕಲಬುರಗಿಯಲ್ಲಿ ಓಡಿಸುತ್ತಿದ್ದ ಪ್ರೀಮಿಯರ್ ಪದ್ಮಿನಿ ಈಗ ಹೈದರಾಬಾದಿನ ಹಿಮಾಯತ್‌ನಗರದಲ್ಲಿ, ನಮ್ಮ ಅಪಾರ್ಟ್‌ಮೆಂಟಿನ ನೆಲಮಹಡಿಯಲ್ಲಿದೆ. ಮುಂಬೈನ ಕುರ್ಲಾದಲ್ಲಿ ತಯಾರಾಗುತ್ತಿದ್ದ ಈ ಕಾರಿನ ಮೂಲ ಇಟಲಿಯ ಫಿಯಟ್ 1100. ಎಂಜಿನ್ 1089 ಸಿಸಿ, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಡ್ರಮ್ ಒಳಗೆ ನೀರು ಹೋದರೆ ಹಿಡಿತ ತಪ್ಪುತ್ತದೆ, ಪದೇ ಪದೇ ಒತ್ತಿದರೆ ಕಾದು ಸಡಿಲವಾಗುತ್ತದೆ, ಹೊಂದಾಣಿಕೆ ಕೆಟ್ಟರೆ ಕಾರು ಒಂದು ಕಡೆಗೆ ಎಳೆಯುತ್ತದೆ. ನಾರಾಯಣಗುಡದಿಂದ ಬಷೀರ್‌ಬಾಗ್‌ವರೆಗೆ ಬೈಕುಗಳ ನಡುವೆ ನುಸುಳುವಾಗ, ಹೆಂಡತಿ ಮಗಳ ಜೊತೆ ಜಹೀರಾಬಾದ್, ಹುಮನಾಬಾದ್ ದಾಟಿ ಊರಿಗೆ ಹೋಗುವಾಗ ಇಂಥ ಬ್ರೇಕ್ ನಂಬಿ ಕೂರುವುದು ಕಷ್ಟ. ಅದಕ್ಕೇ ಮುಂದಿನ ಎರಡು ಚಕ್ರಗಳಿಗೆ ಡಿಸ್ಕ್ ಹಾಕಿಸಲು ಹೊರಟೆ.

ಗ್ಯಾರೇಜಿನವರು ಇಂದಿನ ಸಣ್ಣ ಕಾರೊಂದರ ಡಿಸ್ಕ್ ಮತ್ತು ಕ್ಯಾಲಿಪರ್ ತಂದು, ಅದಕ್ಕೆ ಹೊಂದುವ ಹಬ್ ಮಾಡಿಸಿ ಕೂರಿಸಿದ್ದರು. ಬ್ರೇಕ್ ಚೆನ್ನಾಗಿಯೇ ಇತ್ತು. ತೊಂದರೆ ಇದ್ದದ್ದು ಸ್ಟಡ್‌ಗಳಲ್ಲಿ. ಚಕ್ರದ ನಾಲ್ಕು ತೂತುಗಳ ನಡುಬಿಂದುಗಳ ಮೇಲೆ ಒಂದು ವೃತ್ತ ಎಳೆದರೆ ಅದರ ವ್ಯಾಸವೇ ಪಿಸಿಡಿ. ಫಿಯಟ್ ಕುಟುಂಬದ ಪದ್ಮಿನಿಗೆ ಅದು 98 ಮಿ.ಮೀ. ಸ್ವಿಫ್ಟ್‌ನಂಥ ಕಾರುಗಳಿಗೆ 100. ಹಳೆಯ ಮಾರುತಿ 800ಕ್ಕೆ 114.3, ಅಂದರೆ ನಾಲ್ಕೂವರೆ ಇಂಚು. 114.3ರ ಹಬ್‌ಗೆ ಪದ್ಮಿನಿ ಚಕ್ರ ಏರುವುದೇ ಇಲ್ಲ, ಹಾಗಾಗಿ ಮೋಸವೂ ಇಲ್ಲ. ಅಪಾಯ ಇರುವುದು 100ರಲ್ಲಿ. ತೂತು ಸ್ಟಡ್‌ಗಿಂತ ತುಸು ದೊಡ್ಡದಿರುವುದರಿಂದ ಒತ್ತಿದರೆ ಚಕ್ರ ಒಳಗೆ ಹೋಗುತ್ತದೆ, ನಟ್ ಕೂಡ ತಿರುಗುತ್ತದೆ.

‘ಬೈಠ್ ಜಾತಾ ಸಾಬ್, ದೋ ಎಂಎಂ ಮೇ ಕ್ಯಾ ಹೋತಾ’ ಎಂದರು ಮೇಸ್ತ್ರಿ. ಫೋನಿನಲ್ಲಿ ವಿಷಯ ಕೇಳಿದ ಅಪ್ಪ ಅಂದದ್ದು ಬೇರೆ: ‘ನಟ್ ಏರ್ತದ ಅಂದ್ರ ಗಾಲಿ ಕುಂತದ ಅಂತ ಅಲ್ಲೋ ತಮ್ಮಾ.’

ಅಪ್ಪನ ಮಾತಿನಲ್ಲಿ ಪೂರ್ತಿ ಎಂಜಿನಿಯರಿಂಗ್ ಇದೆ. ಚಕ್ರವನ್ನು ಹಿಡಿದಿಡುವುದು ಮುಖ್ಯವಾಗಿ ಬಿಗಿತದಿಂದ ಹುಟ್ಟುವ ಘರ್ಷಣೆ. ನಟ್‌ನ ಓರೆಯಾದ ತುದಿ ಚಕ್ರದ ಬಟ್ಟಲಿನಂಥ ಗುಳಿಯಲ್ಲಿ ಸುತ್ತಲೂ ಸಮನಾಗಿ ಕೂತರೆ ಮಾತ್ರ ಆ ಬಿಗಿತ ಉಳಿಯುತ್ತದೆ. ವ್ಯಾಸದಲ್ಲಿ ಎರಡು ಮಿ.ಮೀ. ಎಂದರೆ ಪ್ರತಿ ಸ್ಟಡ್ ಒಂದು ಮಿ.ಮೀ. ಹೊರಗಿದೆ ಎಂದರ್ಥ. ಆಗ ನಟ್ ಒಂದೇ ಅಂಚಿಗೆ ತಾಗುತ್ತದೆ, ಸ್ಟಡ್ ಬಾಗುತ್ತದೆ. ಓಡುತ್ತಾ ಓಡುತ್ತಾ ನಟ್ ಸಡಿಲಗೊಳ್ಳಬಹುದು, ಸ್ಟಡ್ ತುಂಡಾಗಬಹುದು. ಒಳ್ಳೆಯ ಬ್ರೇಕ್ ಇದ್ದೂ ಚಕ್ರವೇ ಕಳಚಿದರೆ ಏನು ಬಂತು?

ದಾರಿಗಳು ನಾಲ್ಕಿದ್ದವು. ಮುಂದಕ್ಕೆ 100ರ ಹೊಸ ಚಕ್ರಗಳನ್ನೇ ಹಾಕಿಸುವುದು ಒಂದು. ಆದರೆ ಹಿಂದೆ 98 ಉಳಿದರೆ ಡಿಕ್ಕಿಯಲ್ಲಿರುವ ಒಂದೇ ಸ್ಟೆಪ್ನಿ ಎರಡೂ ಕಡೆಗೆ ಆಗುವುದಿಲ್ಲ. ರಾತ್ರಿ ಹುಮನಾಬಾದ್ ಆಚೆ ಪಂಕ್ಚರ್ ಆದರೆ ಮಗಳನ್ನು ರಸ್ತೆ ಬದಿ ನಿಲ್ಲಿಸಿಕೊಂಡು ಪರದಾಡಬೇಕು. ನಡುವೆ ಅಡಾಪ್ಟರ್ ಬಿಲ್ಲೆ ಹಾಕಿದರೆ ಚಕ್ರ ಹೊರಕ್ಕೆ ಸರಿದು ಬೇರಿಂಗ್ ಮೇಲೆ ಹೊರೆ ಹೆಚ್ಚುತ್ತದೆ. ತಲೆ ಅಲುಗುವ ವಿಶೇಷ ಬೋಲ್ಟ್‌ಗಳು ಈ ಎರಡು ಮಿ.ಮೀ. ವ್ಯತ್ಯಾಸಕ್ಕೆಂದೇ ವಿದೇಶಗಳಲ್ಲಿ ಸಿಗುತ್ತವೆ, ಆದರೆ ಅವು ಸ್ಟಡ್ ಇರುವ ಹಬ್‌ಗೆ ಅಲ್ಲ.

ಆರಿಸಿಕೊಂಡದ್ದು ನಾಲ್ಕನೆಯ ದಾರಿ. ಹಬ್ ಮತ್ತು ಡಿಸ್ಕ್ ಎರಡನ್ನೂ ಮೆಷಿನ್ ಶಾಪ್‌ಗೆ ಕೊಟ್ಟು, ಹಳೆಯ ತೂತುಗಳ ನಡುವೆ, 45 ಡಿಗ್ರಿ ತಿರುಗಿಸಿ, 98ರ ವೃತ್ತದಲ್ಲಿ ಹೊಸ ನಾಲ್ಕು ತೂತು ಕೊರೆಸಿದೆವು. ಹಬ್ಬಿನ ಅಂಚು ಸಾಕಷ್ಟು ದಪ್ಪವಿದ್ದರೆ ಮಾತ್ರ ಇದು ಸಾಧ್ಯ. ಹಳೆಯ ತೂತಿಗೆ ವೆಲ್ಡಿಂಗ್ ತುಂಬಿ ಪಕ್ಕದಲ್ಲೇ ಕೊರೆಯಲು ಬಿಡಬಾರದು, ಕೈ ಡ್ರಿಲ್ಲಿನಲ್ಲಂತೂ ಬೇಡವೇ ಬೇಡ. ಹಬ್ಬಿನ ನಡುವಿನ ಉಬ್ಬನ್ನೂ ಚಕ್ರದ ನಡುತೂತಿಗೆ ಸರಿಹೊಂದುವಂತೆ ಮಾಡಿಸಿದೆವು. ಮೊದಲ ನೂರು ಕಿ.ಮೀ. ಆದ ಮೇಲೆ ನಟ್‌ಗಳ ಬಿಗಿತವನ್ನು ಟಾರ್ಕ್ ಸ್ಪ್ಯಾನರ್‌ನಲ್ಲಿ ಮತ್ತೆ ಪರೀಕ್ಷಿಸಿದೆ.

ರಾಣಿಗಂಜ್‌ನಲ್ಲೋ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಬಿಡಿಭಾಗ ಕೊಳ್ಳುವ ಮುನ್ನ ನೀವೇ ಅಳೆಯಬಹುದು. ನಾಲ್ಕು ತೂತಿನ ಚಕ್ರದಲ್ಲಿ ಒಂದು ತೂತಿನ ಹೊರ ಅಂಚಿನಿಂದ ಎದುರಿನ ತೂತಿನ ಒಳ ಅಂಚಿಗೆ ವರ್ನಿಯರ್ ಹಿಡಿಯಿರಿ. ಬರುವ ಅಳತೆಯೇ ಪಿಸಿಡಿ. ಸ್ಕೇಲ್ ಸಾಲದು, 98 ಮತ್ತು 100 ಕಣ್ಣಿಗೆ ಒಂದೇ. ಕೋಡ್ ಬರೆಯುವ ನಮಗೆ ‘ಸುಮಾರಾಗಿ ಹೊಂದುತ್ತದೆ’ ಎಂಬ ಉತ್ತರ ಗೊತ್ತಿಲ್ಲ. ಚಕ್ರದ ವಿಷಯದಲ್ಲೂ ಅದನ್ನು ಒಪ್ಪಬೇಡಿ.